ಕಬ್ಬಿಣಕ್ಕೆ ತೂತು ಕೊರೆಯುವ ಬಗೆ: ಡ್ರಿಲ್ ಬಿಟ್ಟಿನ ಆಯ್ಕೆಯೂ ಉಪಯೋಗವೂ



ಹಿಂದೆ ನಮ್ಮ ಹಳ್ಳಿಗಳಲ್ಲಿ ನೊಗಕ್ಕಾಗಲಿ ಕೂರಿಗೆಗಾಗಲಿ ತೂತು ಬೇಕಾದರೆ ಬಡಗಿಯ ಮನೆಗೆ ಹೋಗಬೇಕಾಗಿತ್ತು. ಅವನು ಬೈರಿಗೆಗೆ ಹಗ್ಗ ಸುತ್ತಿ, ಒಬ್ಬರಿಂದ ಎಳೆಯಿಸಿ, ತಾನು ಮೇಲಿನಿಂದ ಅದುಮಿ ಕೊರೆಯುತ್ತಿದ್ದನು. ಕಬ್ಬಿಣವಾದರೆ ಕಮ್ಮಾರನು ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಪಂಚನ್ನಿಟ್ಟು ಸುತ್ತಿಗೆಯಿಂದ ಹೊಡೆದು ತೂತು ಮಾಡುತ್ತಿದ್ದನು. ಈಗ ಕೈಯಲ್ಲಿ ಹಿಡಿದು ಕೊರೆಯುವ ವಿದ್ಯುತ್ ಡ್ರಿಲ್ಲಿಂಗ್ ಮೆಷಿನ್ ಬಹಳ ಮನೆಗಳಿಗೆ ಬಂದಿದೆ. ಮೆಷಿನ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ, ನಾಲ್ಕು ಜನರನ್ನು ಕೇಳಿ ಕೊಳ್ಳುತ್ತೇವೆ. ಆದರೆ ಅದರ ಬಾಯಿಗೆ ಸಿಕ್ಕಿಸುವ ಬಿಟ್ಟನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬರುತ್ತೇವೆ. ಕೊರೆಯುವುದು ಮೆಷಿನ್ ಅಲ್ಲ, ಬಿಟ್. ಈ ಮಾತು ನನಗೆ ತಿಳಿದದ್ದು ಒಂದು ಬಿತ್ತನೆ ಕೆಟ್ಟಮೇಲೆ.

ಕೆಲವು ವರ್ಷಗಳ ಹಿಂದೆ ಆರಿದ್ರ ಮಳೆ ಚೆನ್ನಾಗಿ ಬಿದ್ದು, ನಮ್ಮ ಕೆಂಪು ಭೂಮಿ ಕಡಲೆಕಾಯಿ ಬಿತ್ತುವುದಕ್ಕೆ ಹದವಾಗಿ ನಿಂತಿತ್ತು. ಬೆಳಿಗ್ಗೆ ಎರಡು ಸಾಲು ಹೋಗುವಷ್ಟರಲ್ಲಿ ಟ್ರಾಕ್ಟರ್ ಕೂರಿಗೆಯ ಒಂದು ಕಾಲನ್ನು ಹಿಡಿದಿದ್ದ ಪಟ್ಟಿ ಮುರಿಯಿತು. ಮನೆಯಲ್ಲಿ ೬ ಮಿ.ಮೀ. ದಪ್ಪದ ಪಟ್ಟಿ ಇತ್ತು, ೩/೮ ಇಂಚಿನ ಬೋಲ್ಟುಗಳೂ ಇದ್ದವು. ಬೇಕಾಗಿದ್ದದ್ದು ೧೦ ಮಿ.ಮೀ.ನ ಮೂರು ತೂತು ಮಾತ್ರ. ಅರ್ಧ ಗಂಟೆಯ ಕೆಲಸವೆಂದುಕೊಂಡು ಪಟ್ಟಿಯನ್ನು ಕಾಲಿನಲ್ಲಿ ಮೆಟ್ಟಿಕೊಂಡು ಮೆಷಿನ್ ಓಡಿಸಿದೆನು. ಬಿಟ್ ಕಿರ್ರೆಂದು ಕೂಗಿತು, ಹೊಗೆ ಬಂದಿತು, ಮೊನೆ ನೀಲಿಯಾಯಿತು. ಪಟ್ಟಿಯ ಮೇಲೆ ಕನ್ನಡಿಯಂತೆ ಹೊಳೆಯುವ ಒಂದು ಗುಳಿ ಬಿದ್ದಿತೇ ಹೊರತು ತೂತು ಆಗಲಿಲ್ಲ. ಮತ್ತೊಂದು ಬಿಟ್ ಹಾಕಿದೆನು. ಅದರ ಗತಿಯೂ ಅದೇ ಆಯಿತು. ಪೇಟೆಗೆ ಹೋಗಿ ಚಿನ್ನದ ಬಣ್ಣದ ಎರಡು ಬಿಟ್ ತಂದೆನು. ಕೊಂಡ ಅಂಗಡಿ ಯಾವುದೆಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವೂ ಸಂಜೆಯೊಳಗೆ ಸುಟ್ಟವು. ಮಾರನೆಯ ದಿನ ಗಾಳಿ ಎದ್ದು ಬಿಸಿಲು ಕಾಯಿತು.

ಎರಡನೆಯ ದಿನ ಮಧ್ಯಾಹ್ನ ಊರಿನ ವಯಸ್ಸಾದ ಆಚಾರ್ರ ಬಳಿಗೆ ಪಟ್ಟಿಯನ್ನೂ ಮೆಷಿನ್ನನ್ನೂ ಹೊತ್ತುಕೊಂಡು ಹೋದೆನು.

"ಕಬ್ಬಿಣ ಬಹಳ ಗಟ್ಟಿ ಆಚಾರ್ರೇ, ಬಿಟ್ ತಿನ್ನುತ್ತಲೇ ಇಲ್ಲ" ಎಂದೆನು.

ಅವರು ಬಿಟ್ಟಿನ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, "ಕಬ್ಬಿಣ ಗಟ್ಟಿಯಲ್ಲಪ್ಪ, ಮೆತ್ತಗಿನ ಪಟ್ಟಿ. ನಿನ್ನ ಬಿಟ್ಟೇ ಬೆಂದುಹೋಗಿದೆ. ಮಣ್ಣಿನ ಹದ ನೋಡೋನಿಗೆ ಉಕ್ಕಿಗೂ ಹದ ಇದೆ ಅಂತ ಗೊತ್ತಾಗಲಿಲ್ಲವಾ?" ಎಂದರು.

ತಮ್ಮ ಪೆಟ್ಟಿಗೆಯಿಂದ ಹಳೆಯದೊಂದು ೧೦ ಮಿ.ಮೀ. ಬಿಟ್ ತೆಗೆದರು. ಎಷ್ಟೋ ಸಲ ಸಾಣೆ ಹಿಡಿದು ಅದು ಮೋಟಾಗಿತ್ತು. ನಾನು ಹೊಳಪು ಮಾಡಿಟ್ಟಿದ್ದ ಗುಳಿಯನ್ನು ಬಿಟ್ಟು ಪಟ್ಟಿಯ ಹಿಂಬದಿಯಲ್ಲಿ ಗುರುತು ಹಾಕಿ ಪಂಚಿನಿಂದ ಒಂದೇಟು ಹೊಡೆದರು. ಪಟ್ಟಿಯನ್ನು ವೈಸಿನಲ್ಲಿ ಬಿಗಿದು ಮೊದಲು ೪ ಮಿ.ಮೀ. ಬಿಟ್ಟಿನಿಂದ ಸಣ್ಣ ತೂತು ಮಾಡಿದರು. ಆಮೇಲೆ ದಪ್ಪ ಬಿಟ್ ಹಾಕಿ, ಮೆಷಿನ್ನಿನ ಗುಂಡಿಯನ್ನು ಅರ್ಧ ಮಾತ್ರ ಒತ್ತಿ, ಮೈಭಾರ ಬಿಟ್ಟು ಅದುಮಿದರು. ನಡುನಡುವೆ ಎರಡೆರಡು ಹನಿ ಎಣ್ಣೆ ಬಿಟ್ಟರು. ಬಿಟ್ಟಿನ ಎರಡು ಪಕ್ಕದಿಂದಲೂ ಉದ್ದನೆಯ ಸುರುಳಿ ಸುರುಳಿಯಾಗಿ ಕಬ್ಬಿಣ ಎದ್ದು ಬಂದಿತು. ಮೂರು ತೂತಿಗೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಗುಂಡಿಯನ್ನು ಅರ್ಧ ಒತ್ತಿದರೆ ಆ ಮೆಷಿನ್ ನಿಧಾನವಾಗಿ ತಿರುಗುತ್ತದೆಂಬುದೇ ಅದನ್ನು ಕೊಂಡು ಎರಡು ವರ್ಷವಾಗಿದ್ದರೂ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೊಲದ ಮೇಲುಮಣ್ಣು ಒಣಗಿತ್ತು. ಉಳಿದ ಹೊಲಕ್ಕೆ ಮುಂದಿನ ಮಳೆಗಾಗಿ ಹದಿಮೂರು ದಿನ ಕಾದೆನು. ತಡವಾಗಿ ಬಿತ್ತಿದ ಭಾಗದಲ್ಲಿ ಕಾಯಿ ಎಷ್ಟು ಕಡಿಮೆಯಾಯಿತೆಂಬುದನ್ನು ಮನೆಯವರು ಇಂದಿಗೂ ನೆನಪಿಸುತ್ತಾರೆ.

ಬಿಟ್ ಬೇಯುವುದೇಕೆ?

ಕಣದಲ್ಲಿ ಮೇಟಿಕಂಬದ ಸುತ್ತ ಎತ್ತುಗಳನ್ನು ಹೂಡಿ ತುಳಿಸುವುದನ್ನು ನೋಡಿದವರಿಗೆ ಈ ವಿಷಯ ಸುಲಭವಾಗಿ ತಿಳಿಯುವುದು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಕಾಣುತ್ತದೆ. ಹೊರಗಿನ ಎತ್ತು ಮಾತ್ರ ಓಡಬೇಕು. ಒಂದು ಸುತ್ತು ಇಬ್ಬರಿಗೂ ಒಂದೇ ಆದರೂ ನಡೆಯುವ ದೂರ ಬೇರೆ. ಬಿಟ್ಟೂ ಹಾಗೆಯೇ. ೧೦ ಮಿ.ಮೀ. ಬಿಟ್ಟಿನ ಹೊರ ಅಂಚು ಒಂದು ಸುತ್ತಿಗೆ ಸುಮಾರು ೩೧ ಮಿ.ಮೀ. ದೂರ ಕಬ್ಬಿಣದ ಮೇಲೆ ಹರಿಯುತ್ತದೆ. ೪ ಮಿ.ಮೀ. ಬಿಟ್ಟಿನ ಅಂಚು ಸುಮಾರು ೧೩ ಮಿ.ಮೀ. ಮಾತ್ರ ಹರಿಯುತ್ತದೆ. ಆದುದರಿಂದ ಬಿಟ್ ದಪ್ಪವಾದಷ್ಟೂ ಸುತ್ತು ಕಡಿಮೆಯಿರಬೇಕು. ನಮ್ಮ ಜನ ಮಾಡುವುದು ಇದಕ್ಕೆ ತಿರುವುಮುರುವು. ದಪ್ಪ ತೂತಿಗೆ ಹೆಚ್ಚು ಬಲ ಬೇಕೆಂದು ಗುಂಡಿಯನ್ನು ಪೂರ್ತಿ ಒತ್ತಿ ಹಿಡಿಯುತ್ತಾರೆ.

ಸಾಧಾರಣ ಮೆತ್ತನೆಯ ಕಬ್ಬಿಣವನ್ನು, ಎಂದರೆ ಅಂಗಡಿಯಲ್ಲಿ ಸಿಗುವ ಪಟ್ಟಿ, ಆಂಗಲ್, ಸಲಾಕೆಗಳನ್ನು, ಒಳ್ಳೆಯ ಉಕ್ಕಿನ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು ೨೫ ಮೀಟರ್ ವೇಗದಲ್ಲಿ ಕೊರೆಯಬೇಕು. ಇದನ್ನು ನೆನಪಿಡುವುದಕ್ಕೆ ಒಂದು ಸುಲಭ ಲೆಕ್ಕವುಂಟು. ೮,೦೦೦ವನ್ನು ಬಿಟ್ಟಿನ ಮಿ.ಮೀ. ಅಳತೆಯಿಂದ ಭಾಗಿಸಿರಿ, ಬಂದದ್ದೇ ನಿಮಿಷಕ್ಕೆ ಇರಬೇಕಾದ ಸುತ್ತು. ೪ ಮಿ.ಮೀ.ಗೆ ೨,೦೦೦, ೮ ಮಿ.ಮೀ.ಗೆ ೧,೦೦೦, ೧೦ ಮಿ.ಮೀ.ಗೆ ೮೦೦, ೧೨ ಮಿ.ಮೀ.ಗೆ ೬೭೦ರ ಹತ್ತಿರ. ಈಗ ನಿಮ್ಮ ಮೆಷಿನ್ನಿನ ಪಕ್ಕದಲ್ಲಿ ಅಂಟಿಸಿರುವ ಚೀಟಿಯನ್ನು ಓದಿರಿ. ಕೈಮೆಷಿನ್ನುಗಳು ಸಾಮಾನ್ಯವಾಗಿ ಎರಡೂವರೆ ಸಾವಿರದಿಂದ ಮೂರು ಸಾವಿರ ಸುತ್ತು ತಿರುಗುತ್ತವೆ. ಪೂರ್ತಿ ಒತ್ತಿದರೆ ೧೦ ಮಿ.ಮೀ. ಬಿಟ್ ಬೇಕಾದದ್ದಕ್ಕಿಂತ ಮೂರು ಪಾಲು ವೇಗದಲ್ಲಿ ಉಜ್ಜಿದಂತಾಯಿತು.

ಹೀಗೆ ಉಜ್ಜಿದಾಗ ಹುಟ್ಟುವ ಕಾವು ಎಲ್ಲಿಗೆ ಹೋಗಬೇಕು? ಬಿಟ್ ಚೆನ್ನಾಗಿ ಕೊರೆಯುತ್ತಿದ್ದರೆ ಹೆಚ್ಚು ಭಾಗ ಎದ್ದು ಬರುವ ಸುರುಳಿಯ ಜೊತೆಗೆ ಹೊರಗೆ ಹೋಗುವುದು. ಕೊರೆಯದೆ ಬರೀ ಉಜ್ಜುತ್ತಿದ್ದರೆ ಅಷ್ಟೂ ಮೊನೆಯಲ್ಲೇ ನಿಲ್ಲುವುದು. ಅಗ್ಗದ ಇಂಗಾಲದ ಉಕ್ಕಿನ ಬಿಟ್ಟಾದರೆ ಸುಮಾರು ೨೫೦ ಡಿಗ್ರಿ ಸೆಂಟಿಗ್ರೇಡ್ ಕಾದೊಡನೆ ಅದರ ಹದ ಇಳಿದು ಮೆತ್ತಗಾಗುವುದು. ಒಮ್ಮೆ ಇಳಿದ ಹದ ತಣ್ಣಗಾದರೆ ಮರಳಿ ಬರುವುದಿಲ್ಲ. ಆಮೇಲೆ ಎಷ್ಟು ಅದುಮಿದರೂ ಪ್ರಯೋಜನವಿಲ್ಲ.

ಮತ್ತೊಂದು ತಪ್ಪು, ಬಿಟ್ ಮುರಿದೀತೆಂಬ ಭಯದಿಂದ ಮೆಲ್ಲಗೆ ಒತ್ತುವುದು. ಬಿಟ್ಟಿನ ಅಲಗು ಕಬ್ಬಿಣದೊಳಕ್ಕೆ ಇಳಿದರೆ ತಾನೇ ಸುರುಳಿ ಎತ್ತುವುದು! ನೇಗಿಲನ್ನು ಮೇಲೆತ್ತಿ ಹಿಡಿದು ಎತ್ತು ಹೊಡೆದರೆ ಸಾಲು ಬೀಳುವುದಿಲ್ಲ, ಗುಳ ಸವೆಯುವುದಷ್ಟೆ. ವೇಗ ಕಡಿಮೆ, ಒತ್ತು ಹೆಚ್ಚು: ಕಬ್ಬಿಣ ಕೊರೆಯುವವನು ಈ ಕ್ರಮವನ್ನು ಕೈಗೆ ರೂಢಿ ಮಾಡಿಕೊಳ್ಳಬೇಕು. ಸುರುಳಿ ಬರುತ್ತಿದ್ದರೆ ಸರಿಯಾಗಿ ನಡೆದಿದೆ. ಬರೀ ಪುಡಿ ಉದುರುತ್ತಿದ್ದರೆ ಕೂಡಲೇ ನಿಲ್ಲಿಸಿ ನೋಡಿರಿ. ಬೀಡಿಗೆ ಮಾತ್ರ ಈ ಮಾತು ಸಲ್ಲದು. ಬೀಡು ಯಾವಾಗಲೂ ಪುಡಿಯಾಗಿಯೇ ಬರುವುದು.

ಯಾವ ಬಿಟ್ ಕೊಳ್ಳಬೇಕು?

ಸುರುಳಿ ಕಾಲುವೆಯುಳ್ಳ ಈಗಿನ ಬಿಟ್ಟಿಗೆ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬವನು ೧೮೬೩ರಲ್ಲಿ ಪೇಟೆಂಟ್ ಪಡೆದನು. ಆ ಎರಡು ಕಾಲುವೆಗಳು ಅಂದಕ್ಕಾಗಿ ಇರುವುವಲ್ಲ. ಕೊರೆದ ಕಬ್ಬಿಣ ಮೇಲೆ ಬರುವುದೂ ಎಣ್ಣೆ ಕೆಳಗೆ ಇಳಿಯುವುದೂ ಅವುಗಳಲ್ಲಿಯೇ. ಅವು ಕಟ್ಟಿಕೊಂಡರೆ ತೂಬು ಕಟ್ಟಿದ ಕೆರೆಯಂತಾಗಿ ಬಿಟ್ ಸಿಕ್ಕಿಕೊಂಡು ಮುರಿಯುವುದು.

ಅಂಗಡಿಯಲ್ಲಿ ಒಂದೇ ರೂಪದ ಬಿಟ್‌ಗಳು ಬೇರೆ ಬೇರೆ ಬೆಲೆಗೆ ಇರುತ್ತವೆ. ಕಬ್ಬಿಣದ ಕೆಲಸಕ್ಕೆ "ಎಚ್.ಎಸ್.ಎಸ್." ಎಂದು ಬುಡದಲ್ಲಿ ಅಚ್ಚೊತ್ತಿರುವುದನ್ನೇ ಕೇಳಿ ಕೊಳ್ಳಿರಿ. ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನ ಗುರುತು ಅದು. ಟಂಗ್‌ಸ್ಟನ್, ಮಾಲಿಬ್ಡಿನಮ್, ಕ್ರೋಮಿಯಂ, ವನೇಡಿಯಂ ಲೋಹಗಳು ಇದರಲ್ಲಿ ಬೆರೆತಿರುತ್ತವೆ. ಇಂತಹ ಉಕ್ಕು ಸುಮಾರು ೬೦೦ ಡಿಗ್ರಿಯವರೆಗೂ ಹದ ಬಿಡದೆ ನಿಲ್ಲಬಲ್ಲದು. ಅಚ್ಚು ಇಲ್ಲದ ಬಿಟ್ ಎಷ್ಟು ಹೊಳೆದರೂ ಅದನ್ನು ಮರಕ್ಕೆ ಇಟ್ಟುಕೊಳ್ಳಿರಿ. ಚಿನ್ನದ ಬಣ್ಣ ನೋಡಿ ಮೋಸಹೋಗಬೇಡಿರಿ. ಒಳ್ಳೆಯ ಬಿಟ್ಟಿನ ಮೇಲಿರುವ ಆ ಬಣ್ಣ ಟೈಟಾನಿಯಂ ನೈಟ್ರೈಡ್ ಎಂಬ ಗಟ್ಟಿ ಲೇಪದ್ದು. ಬಾಳಿಕೆ ಹೆಚ್ಚುವುದು ನಿಜ. ಆದರೆ ಒಳಗಿನ ಉಕ್ಕು ಕೀಳಾದರೆ ಮೇಲಿನ ಲೇಪ ಏನು ಮಾಡೀತು? ಕಪ್ಪು ಬಣ್ಣದ ಸಾದಾ ಎಚ್.ಎಸ್.ಎಸ್. ಬಿಟ್ ಒಕ್ಕಲುತನದ ಕೆಲಸಕ್ಕೆ ಧಾರಾಳವಾಗಿ ಸಾಕು.

ಸ್ಟೇನ್‌ಲೆಸ್ ಉಕ್ಕು ಕೊರೆಯುವವರು ಕೋಬಾಲ್ಟ್ ಬೆರೆತ ಬಿಟ್ ಕೇಳಬೇಕು. ಅದರ ಮೇಲೆ ಎಂ ೩೫ ಎಂದಿದ್ದರೆ ನೂರಕ್ಕೆ ೫ ಪಾಲು, ಎಂ ೪೨ ಎಂದಿದ್ದರೆ ೮ ಪಾಲು ಕೋಬಾಲ್ಟ್ ಇರುವುದು. ಇವು ಕಾವನ್ನು ಇನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ಪಕ್ಕಕ್ಕೆ ವಾಲಿಸಿದರೆ ಸಾದಾ ಬಿಟ್ಟಿಗಿಂತ ಬೇಗ ಮುರಿಯುತ್ತವೆ. ಹಾಲಿನ ಪಾತ್ರೆಗೋ ಔಷಧಿ ಸಿಂಪಡಿಸುವ ಸ್ಟೇನ್‌ಲೆಸ್ ಡಬ್ಬಕ್ಕೋ ತೂತು ಮಾಡುವಾಗ ಸುತ್ತನ್ನು ಮೇಲಿನ ಲೆಕ್ಕದ ಅರ್ಧಕ್ಕೆ ಇಳಿಸಿರಿ. ಒತ್ತನ್ನು ನಡುವೆ ಸಡಿಲಿಸಬೇಡಿರಿ. ಒಂದೆರಡು ಸುತ್ತು ಉಜ್ಜಿದರೂ ಆ ಉಕ್ಕು ಉಜ್ಜಿದ ಜಾಗದಲ್ಲಿಯೇ ಗಟ್ಟಿಯಾಗಿ ಕೂರುತ್ತದೆ.

ಗೋಡೆಯ ಬಿಟ್ಟೇ ಬೇರೆ. ಅದರ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಒಂದು ಚೂರು ಬೆಸೆದಿರುತ್ತದೆ. ತುದಿ ಮೈಗಿಂತ ಅಗಲವಾಗಿ, ಮೊಂಡಾಗಿ ಕಾಣುತ್ತದೆ. ಇದು ಕೊಯ್ಯುವುದಿಲ್ಲ, ಕುಟ್ಟಿ ಪುಡಿಮಾಡುತ್ತದೆ. ಇದರಿಂದ ಕಬ್ಬಿಣ ಕೊರೆಯಹೋದವರೂ ಕಬ್ಬಿಣದ ಬಿಟ್ಟಿನಿಂದ ಗೋಡೆ ಕೊರೆಯಹೋದವರೂ ಎರಡನ್ನೂ ಹಾಳುಮಾಡಿದ್ದಾರೆ.

ಅಳತೆಯ ವಿಷಯದಲ್ಲಿ ನಮ್ಮಲ್ಲಿ ಇಂಚೂ ಮಿಲಿಮೀಟರೂ ಬೆರೆತುಹೋಗಿವೆ. ಹಳೆಯ ಸಲಕರಣೆಗಳಲ್ಲಿ ಇಂಚಿನ ಬೋಲ್ಟು, ಹೊಸದರಲ್ಲಿ ಮಿಲಿಮೀಟರ್ ಬೋಲ್ಟು. ತೂತು ಬೋಲ್ಟಿಗಿಂತ ಸ್ವಲ್ಪ ಸಡಿಲವಿರಬೇಕು. ೫/೧೬ ಇಂಚಿನ ಅಥವಾ ೮ ಮಿ.ಮೀ. ಬೋಲ್ಟಿಗೆ ೮.೫ ಮಿ.ಮೀ. ಬಿಟ್, ೩/೮ ಇಂಚಿನದಕ್ಕೆ ೧೦, ೧೦ ಮಿ.ಮೀ. ಬೋಲ್ಟಿಗೆ ೧೦.೫, ಅರ್ಧ ಇಂಚು ಮತ್ತು ೧೨ ಮಿ.ಮೀ. ಎರಡಕ್ಕೂ ೧೩ ಸರಿಹೋಗುವುದು. ತೂತಿನೊಳಗೇ ಟ್ಯಾಪ್ ಹಾಕಿ ಮರೆ ಕೊಯ್ಯಬೇಕಾದರೆ ಅಳತೆ ಚಿಕ್ಕದಾಗಬೇಕು. ಸಾಧಾರಣ ಮರೆಯ ೬ ಮಿ.ಮೀ. ಬೋಲ್ಟಿಗೆ ೫, ೮ಕ್ಕೆ ೬.೮, ೧೦ಕ್ಕೆ ೮.೫, ೧೨ಕ್ಕೆ ೧೦.೨ ಮಿ.ಮೀ. ತೂತು. ಮೆಷಿನ್ ಇನ್ನೂ ಕೊಳ್ಳದವರು ೧೩ ಮಿ.ಮೀ. ಚಕ್ ಇರುವ, ವೇಗ ಕಡಿಮೆ ಮಾಡಬಹುದಾದ ಮೆಷಿನ್ನನ್ನೇ ಕೊಳ್ಳುವುದು ಲೇಸು. ಒಂದೇ ವೇಗದ ಮೆಷಿನ್ ಇರುವವರು ದಪ್ಪ ತೂತನ್ನು ಊರ ವರ್ಕ್‌ಷಾಪಿನ ನಿಂತ ಡ್ರಿಲ್ಲಿನಲ್ಲಿ ಮಾಡಿಸಿಕೊಂಡರೆ ಬಿಟ್ಟಿನ ಹಣ ಉಳಿಯುವುದು.

ಕೊರೆಯುವ ಕ್ರಮ

ಬಿಟ್ಟನ್ನು ಚಕ್ಕಿನಲ್ಲಿ ಬುಡದವರೆಗೆ ಇಳಿಸಿ, ಚಕ್ಕಿನ ಮೂರು ತೂತುಗಳಲ್ಲಿಯೂ ಕೀಲಿ ಹಾಕಿ ಬಿಗಿಯಬೇಕು. ಒಂದರಲ್ಲಿ ಮಾತ್ರ ಬಿಗಿದರೆ ಬಿಟ್ ಜಾರುವುದು, ಬುಡ ಸವೆಯುವುದು. ಕೀಲಿಯನ್ನು ತೆಗೆದ ಮೇಲೆಯೇ ಪ್ಲಗ್ ಹಾಕಿರಿ. ಕೀಲಿ ಚಕ್ಕಿನಲ್ಲೇ ಇದ್ದು ಮೆಷಿನ್ ಓಡಿದರೆ ಅದು ಕವಣೆಕಲ್ಲಿನಂತೆ ಹಾರುವುದು.

ಪಂಚಿನ ಗುರುತಿಲ್ಲದೆ ಕೊರೆಯಹೊರಟರೆ ಬಿಟ್ ಅಲೆದಾಡುವುದು. ೬ ಮಿ.ಮೀ.ಗಿಂತ ದಪ್ಪ ತೂತಿಗೆಲ್ಲ ಮೊದಲು ೩ ಅಥವಾ ೪ ಮಿ.ಮೀ. ದಾರಿ ತೂತು ಮಾಡಿರಿ. ಇದಕ್ಕೆ ಕಾರಣವುಂಟು. ದಪ್ಪ ಬಿಟ್ಟಿನ ನಟ್ಟನಡುವೆ ಉಳಿಯಂತೆ ಒಂದು ಅಡ್ಡಗೆರೆ ಇರುತ್ತದೆ. ಅದು ಮೇಟಿಯ ಪಕ್ಕದ ಎತ್ತಿನಂತೆ. ಕೊಯ್ಯುವುದಿಲ್ಲ, ಕಬ್ಬಿಣವನ್ನು ಬರೀ ಒತ್ತಿ ಸರಿಸುತ್ತದೆ. ನಾವು ಹಾಕುವ ಬಲದ ಬಹುಪಾಲು ಅಲ್ಲಿಗೇ ಹೋಗುತ್ತದೆ. ದಾರಿ ತೂತು ಇದ್ದರೆ ಆ ಗೆರೆಗೆ ಕೆಲಸವೇ ಇಲ್ಲ. ಆದರೆ ದಾರಿ ತೂತು ಬಹಳ ದೊಡ್ಡದಾಗಬಾರದು. ೧೦ಕ್ಕೆ ೮ರ ದಾರಿ ಮಾಡಿದರೆ ಅಲಗಿನ ಅಂಚಷ್ಟೇ ಕಚ್ಚಿ ಮೆಷಿನ್ ಕೈ ತಿರುಚುವುದು.

ಕಬ್ಬಿಣಕ್ಕೆ ಎಣ್ಣೆ ಬೇಕು. ಕೊರೆಯುವುದಕ್ಕೆಂದೇ ಮಾರುವ ಎಣ್ಣೆ ಉತ್ತಮ. ಇಲ್ಲದಿದ್ದರೆ ಯಂತ್ರಕ್ಕೆ ಹಾಕುವ ಶುದ್ಧ ಎಣ್ಣೆ ಇರಲಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆಯ ಕೆಲವು ಹನಿ ಒಳ್ಳೆಯದು; ಬೆಂಕಿಯ ಹತ್ತಿರ ಮಾತ್ರ ಬೇಡ. ಬೀಡಿಗೂ ಹಿತ್ತಾಳೆಗೂ ಏನೂ ಬೇಡ. ಕಾದು ಕೆಂಪಾದ ಬಿಟ್ಟನ್ನು ನೀರಿಗೆ ಅದ್ದುವ ಅಭ್ಯಾಸ ಬಹಳ ಮಂದಿಗಿದೆ. ಎಚ್.ಎಸ್.ಎಸ್. ಆಗಲಿ ಕಾರ್ಬೈಡ್ ಆಗಲಿ ಹಾಗೆ ಮಾಡಿದರೆ ಕಣ್ಣಿಗೆ ಕಾಣದ ಸೀಳು ಬಿಡುವುದು.

ತೂತು ಇನ್ನೇನು ಆಚೆ ಬರುವಾಗ ಒತ್ತನ್ನು ಇಳಿಸಬೇಕು. ಬಿಟ್ ಮುರಿಯುವುದೂ ಕೈ ತಿರುಚುವುದೂ ಹೆಚ್ಚಾಗಿ ಈ ಕೊನೆಯ ಗಳಿಗೆಯಲ್ಲಿ. ತೆಳ್ಳನೆಯ ತಗಡಾದರೆ ಎರಡು ಮರದ ತುಂಡಿನ ನಡುವೆ ಇಟ್ಟು ಬಿಗಿದು ಮರಸಹಿತ ಕೊರೆಯಿರಿ. ತೂತು ದುಂಡಗೆ ಬರುವುದು, ತಗಡು ಸುತ್ತಿಕೊಳ್ಳುವುದೂ ಇಲ್ಲ.

ಕುಂಟೆಯ ಕುಡ, ಡಿಸ್ಕ್ ಹ್ಯಾರೋವಿನ ತಟ್ಟೆ, ಲಾರಿಯ ಕಮಾನು ಪಟ್ಟಿ, ಇವು ಹದ ಹಾಕಿ ಗಟ್ಟಿಮಾಡಿದ ಉಕ್ಕು. ಮೊದಲು ಅರದಿಂದ ಮೂಲೆಯಲ್ಲಿ ಒಮ್ಮೆ ತಿಕ್ಕಿ ನೋಡಿರಿ. ಅರ ಕಚ್ಚಿದರೆ ಸರಿ. ಜಾರಿದರೆ ಬಿಟ್ಟನ್ನು ಅದರ ಮೇಲೆ ಇಡಲೇಬೇಡಿರಿ. ಕಮ್ಮಾರನಲ್ಲಿ ಕೊಟ್ಟರೆ ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಿಸುವನು. ರಾತ್ರಿ ಹೂತದ್ದು ಬೆಳಿಗ್ಗೆ ಮೆತ್ತಗಾಗಿರುವುದು. ಕೊರೆದ ಮೇಲೆ ಮತ್ತೆ ಹದ ಹಾಕಿಸಬೇಕು, ಇಲ್ಲದಿದ್ದರೆ ಹೊಲದಲ್ಲಿ ಒಂದೇ ದಿನಕ್ಕೆ ಬಾಗುವುದು.

ಮರ, ಗೋಡೆ, ಪೈಪು

ಮರದ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ನಡುವೆ ಮುಳ್ಳಿನಂತಹ ಮೊನೆಯುಳ್ಳ ಬಿಟ್ ಜಾರದೆ ಕೊರೆಯುವುದು. ಜಾಲಿಯಂತಹ ಗಟ್ಟಿ ಮರದಲ್ಲಿ ಆಗಾಗ ಹೊರಗೆಳೆದು ಹೊಟ್ಟು ಉದುರಿಸಬೇಕು. ಹಿಂಬದಿಗೆ ಒಂದು ಹಳೆಯ ಹಲಗೆ ಕೊಟ್ಟರೆ ತೂತಿನ ಬಾಯಿ ಸಿಬಿರೇಳದು. ತಿರುಪಿನ ಮೊನೆಯ ಹಳೆಯ ಬೈರಿಗೆಯನ್ನು ಮಾತ್ರ ವೇಗದ ಮೆಷಿನ್ನಿಗೆ ಸಿಕ್ಕಿಸಬೇಡಿರಿ. ಅದು ತಾನೇ ಮರದೊಳಕ್ಕೆ ಎಳೆದುಕೊಂಡು ಮೆಷಿನ್ನನ್ನು ಕೈಯಿಂದ ಕಸಿಯುವುದು.

ಇಟ್ಟಿಗೆ, ಗಾರೆಗೆ ಮೆಷಿನ್ನಿನ ಸುತ್ತಿಗೆ ಗುರುತಿನ ಗುಂಡಿಯನ್ನು ತಿರುಗಿಸಿ ಗೋಡೆಯ ಬಿಟ್ ಹಾಕಿರಿ. ಕಬ್ಬಿಣ, ಮರ, ಟೈಲ್ಸುಗಳಿಗೆ ಆ ಗುಂಡಿ ಮುಚ್ಚಿರಬೇಕು. ಬೇಲಿಯ ಕಲ್ಲುಕಂಬಕ್ಕೆ ತೂತು ಬೇಕಾದವರು ಸಣ್ಣ ಮೆಷಿನ್ನಿನಲ್ಲಿ ಹೆಣಗಬಾರದು. ಕರಿಕಲ್ಲಿಗೆ ಬಲವಾಗಿ ಕುಟ್ಟುವ ರೋಟರಿ ಹ್ಯಾಮರ್ ಬೇರೆಯೇ ಇದೆ. ಒಂದು ದಿನಕ್ಕೆ ಬಾಡಿಗೆಗೆ ತರುವುದು ಅಗ್ಗ.

ಹನಿ ನೀರಾವರಿಯ ಪಿ.ವಿ.ಸಿ. ಪೈಪು ಕೊರೆಯುವಾಗ ರಬ್ಬರ್ ಗ್ರೋಮೆಟ್ಟಿನ ಅಳತೆಗೆ ಸರಿಯಾದ ಬಿಟ್ಟನ್ನೇ ಹಾಕಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ನೀರು ಸೋರುವುದು. ಒಂದು ಪದರ ದಾಟಿದೊಡನೆ ನಿಲ್ಲಿಸಿರಿ, ಎದುರು ಗೋಡೆಗೆ ತಾಗಿಸಬೇಡಿರಿ. ಪೈಪಿನೊಳಗೆ ಬಿದ್ದ ಪ್ಲಾಸ್ಟಿಕ್ ಹೊಟ್ಟನ್ನು ತುದಿ ತೆರೆದು ನೀರು ಬಿಟ್ಟು ತೊಳೆದ ಮೇಲೆಯೇ ಲ್ಯಾಟರಲ್ ಜೋಡಿಸಬೇಕು. ಇಲ್ಲದಿದ್ದರೆ ಆ ಹೊಟ್ಟು ಹನಿ ಬೀಳುವ ಕಣ್ಣುಗಳನ್ನೆಲ್ಲ ಕಟ್ಟುವುದು. ಲ್ಯಾಟರಲ್ ಪೈಪಿಗೆ ಡ್ರಿಲ್ ಬೇಡವೇ ಬೇಡ. ಅದಕ್ಕೆಂದೇ ಕೈಪಂಚ್ ಇದೆ.

ಮೈಮೇಲೆ ಎಚ್ಚರ

ನಾನು ಮೊದಲ ದಿನ ಮಾಡಿದಂತೆ ಪಟ್ಟಿಯನ್ನು ಕಾಲಲ್ಲಿ ಮೆಟ್ಟಿ ಕೊರೆಯುವುದು ಅತ್ಯಂತ ಅಪಾಯಕರ. ಬಿಟ್ ಕಚ್ಚಿಕೊಂಡರೆ ಪಟ್ಟಿಯೇ ಕತ್ತಿಯಂತೆ ತಿರುಗುವುದು. ವೈಸ್ ಇಲ್ಲದಿದ್ದರೆ ದಿಮ್ಮಿಯ ಮೇಲಿಟ್ಟು ಎರಡು ಕ್ಲಾಂಪ್ ಬಿಗಿಯಿರಿ. ಹೆಗಲ ಮೇಲಿನ ಟವಲು, ಜೋತಾಡುವ ಪಂಚೆಯ ತುದಿ, ಸೆರಗು, ಬಿಚ್ಚಿದ ಜಡೆ, ಯಾವುದೂ ಬಿಟ್ಟಿನ ಹತ್ತಿರ ಇರಕೂಡದು. ಕೈಗವಸು ಹಾಕಿದರೆ ಕ್ಷೇಮವೆಂದು ಕೆಲವರು ತಿಳಿಯುತ್ತಾರೆ. ತಿರುಗುವ ಬಿಟ್ಟಿನ ಮುಂದೆ ಅದೇ ಅಪಾಯ. ಬಟ್ಟೆಯ ಒಂದು ಎಳೆ ಸಿಕ್ಕರೂ ಬೆರಳನ್ನೇ ಸುತ್ತಿಕೊಳ್ಳುವುದು. ಕಬ್ಬಿಣದ ಸುರುಳಿಯನ್ನು ಕೈಯಿಂದ ಎಳೆಯಬೇಡಿರಿ, ಬಾಯಿಂದ ಊದಬೇಡಿರಿ; ಕುಂಚದಿಂದ ಗುಡಿಸಿರಿ. ಕಣ್ಣಿಗೆ ಕನ್ನಡಕ ಹಾಕಿರಿ. ಕಣ್ಣಿಗೆ ಚೂರು ಬಿದ್ದರೆ ಉಜ್ಜದೆ, ಊರಲ್ಲಿ ತೆಗೆಸಹೋಗದೆ, ಕಣ್ಣಿನ ಆಸ್ಪತ್ರೆಗೆ ಹೋಗಿರಿ.

ಪ್ಲಗ್ ಇಲ್ಲದ ಬರೀ ತಂತಿಗಳನ್ನು ಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ಕೊಡುವ ಅಭ್ಯಾಸದಿಂದ ಹೋಗುವುದು ಪ್ರಾಣ. ಹಸಿ ನೆಲದಲ್ಲಿ, ತೊಯ್ದ ಕೈಯಲ್ಲಿ ಮೆಷಿನ್ ಹಿಡಿಯಬಾರದು. ಮೆಷಿನ್ನಿನ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆಯಿದೆ, ಎರಡು ಪಿನ್ನಿನ ಪ್ಲಗ್ ಸಾಕು. ಆ ಗುರುತಿಲ್ಲದಿದ್ದರೆ ಮೂರು ಪಿನ್ನೂ ಸರಿಯಾದ ಅರ್ಥಿಂಗೂ ಇರಲೇಬೇಕು. ಮನೆಯ ಬೋರ್ಡಿನಲ್ಲಿ ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ, ವಿದ್ಯುತ್ತು ಮೈಗೆ ಸೋರಿದ ಕ್ಷಣದಲ್ಲಿ ಅದು ಲೈನನ್ನು ಕಡಿಯುವುದು.

ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಮೆಷಿನ್ನಿನೊಳಗಿನ ಫ್ಯಾನೂ ನಿಧಾನವಾಗಿ ತಿರುಗಿ ಮೋಟಾರು ಕಾಯುವುದು. ನಾಲ್ಕಾರು ತೂತಿಗೊಮ್ಮೆ ಖಾಲಿಯಾಗಿ ಪೂರ್ಣ ವೇಗದಲ್ಲಿ ಅರ್ಧ ನಿಮಿಷ ಓಡಿಸಿರಿ.

ಸಾಣೆ ಹಿಡಿಯುವುದು

ಕುಡುಗೋಲು ಮಸೆಯುವ ನಾವು ಬಿಟ್ ಮಂಡಾದರೆ ಎಸೆಯುತ್ತೇವೆ. ಒಂದು ಒಳ್ಳೆಯ ಬಿಟ್ಟನ್ನು ಎಷ್ಟೋ ಸಲ ಸಾಣೆ ಹಿಡಿಯಬಹುದು. ಮೂರು ವಿಷಯ ಗಮನವಿಟ್ಟರೆ ಸಾಕು. ಎರಡು ಅಲಗುಗಳೂ ಒಂದೇ ಉದ್ದವಿರಬೇಕು. ಎರಡೂ ಒಂದೇ ಓರೆಯಲ್ಲಿರಬೇಕು. ಅಲಗಿನ ಹಿಂಬದಿಯ ಮೈ ಅಲಗಿಗಿಂತ ತಗ್ಗಾಗಿರಬೇಕು. ಹಿಂಬದಿ ಎತ್ತರವಾದರೆ ಅದೇ ಮೊದಲು ಕಬ್ಬಿಣಕ್ಕೆ ತಾಗಿ, ಅಲಗು ಎಷ್ಟು ಹರಿತವಾದರೂ ಕಚ್ಚದು. ಹೊಸದಾಗಿ ಕಲಿಯುವವರೆಲ್ಲ ಇಲ್ಲಿ ಎಡವುತ್ತಾರೆ.

ಸಾಧಾರಣ ಬಿಟ್ಟಿನ ಮೊನೆಯ ಕೋನ ೧೧೮ ಡಿಗ್ರಿ. ಅದನ್ನು ಅಳೆಯುವ ಸಲಕರಣೆ ಮನೆಯಲ್ಲೇ ಇದೆ. ಒಂದೇ ಅಳತೆಯ ಆರು ಮೂಲೆಯ ಎರಡು ನಟ್ಟುಗಳನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಪಕ್ಕ ಪೂರ್ತಿ ಕೂಡಿಸಿರಿ. ಕೂಡಿದ ಕಡೆ ಆಗುವ ಕಣಿವೆ ಸರಿಯಾಗಿ ೧೨೦ ಡಿಗ್ರಿ. ಬಿಟ್ಟಿನ ಮೊನೆಯನ್ನು ಅದರಲ್ಲಿ ಕೂರಿಸಿ ಬೆಳಕಿಗೆ ಹಿಡಿದರೆ ಯಾವ ಅಲಗು ಓರೆಯಾಗಿದೆಯೆಂಬುದು ಕಾಣುವುದು. ಹದ ಹಾಕಿದ ಗಟ್ಟಿ ಉಕ್ಕಿಗೆಂದು ಮಾಡಿದ ಬಿಟ್‌ಗಳು ೧೩೫ ಡಿಗ್ರಿಯಷ್ಟು ಚಪ್ಪಟೆಯಾಗಿರುವುದರಿಂದ ಅವಕ್ಕೆ ಈ ಅಳತೆ ಹೊಂದದು.

ಸಾಣೆ ಚಕ್ರಕ್ಕೆ ಮೆಲ್ಲಗೆ ತಾಗಿಸಿ, ಕೈಗೆ ಬಿಸಿ ತಟ್ಟಿದೊಡನೆ ತೆಗೆದು ಆರಲು ಬಿಡಿರಿ. ಆಮೇಲೆ ಒಂದು ಹಳೆಯ ಪಟ್ಟಿಯ ಮೇಲೆ ಪರೀಕ್ಷಿಸಿರಿ. ಎರಡು ಕಾಲುವೆಯಿಂದಲೂ ಸಮನಾಗಿ ಸುರುಳಿ ಬಂದರೆ ಗೆದ್ದಿರಿ. ಒಂದೇ ಕಡೆ ಬಂದರೆ ಅಲಗುಗಳ ಉದ್ದವೋ ಓರೆಯೋ ಬೇರೆಯಾಗಿದೆ, ತೂತೂ ಅಳತೆಗಿಂತ ದೊಡ್ಡದಾಗುವುದು. ಮೊದಲ ಐದಾರು ಸಲ ಕೆಡುವುದು ಸಹಜ. ಕೆಟ್ಟ ಬಿಟ್‌ಗಳ ಮೇಲೇ ಕಲಿಯಿರಿ. ನನ್ನ ಬಳಿ ಆ ಬಿತ್ತನೆಯ ಕಾಲದ ನಾಲ್ಕು ಇದ್ದವು, ಅವುಗಳ ಮೇಲೆಯೇ ಕಲಿತೆನು. ಅಚ್ಚಿದ್ದ ಎರಡು ಬಿಟ್‌ಗಳು ಸುಟ್ಟ ಭಾಗವನ್ನು ಪೂರ್ತಿ ತೇಯ್ದ ಮೇಲೆ ಇಂದಿಗೂ ಕೆಲಸ ಮಾಡುತ್ತಿವೆ. ಚಿನ್ನದ ಬಣ್ಣದವು ಎಷ್ಟು ತೇಯ್ದರೂ ಬರಲಿಲ್ಲ.

ಮೊದಲಿಗೆ ಕೊಳ್ಳುವವರು ದೊಡ್ಡ ಪೆಟ್ಟಿಗೆಯ ಸೆಟ್ ಕೊಳ್ಳುವ ಬದಲು ೪, ೬.೫, ೮.೫, ೧೦.೫ ಮತ್ತು ೧೩ ಮಿ.ಮೀ.ನ ಅಚ್ಚೊತ್ತಿದ ಐದು ಬಿಟ್‌ಗಳನ್ನು ಬಿಡಿಯಾಗಿ ಕೊಳ್ಳಲಿ. ೪ ಮಿ.ಮೀ.ನದು ಬೇಗ ಮುರಿಯುವುದರಿಂದ ಅದು ಮೂರಿರಲಿ. ಒಂದು ಮರದ ತುಂಡಿಗೆ ಅವವೇ ಬಿಟ್‌ಗಳಿಂದ ತೂತು ಕೊರೆದು, ಎಣ್ಣೆ ಬಟ್ಟೆಯಿಂದ ಒರೆಸಿ ಅದರಲ್ಲಿ ನಿಲ್ಲಿಸಿಡಿರಿ. ಗೊಬ್ಬರದ ಚೀಲಗಳಿರುವ ಕೋಣೆಯಲ್ಲಿ ಮಾತ್ರ ಇಡಬೇಡಿರಿ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುವುದು.